ಸೊನ್ನೆಯ ಕಾವಲು: ಆಂಪ್ಲಿಫೈಯರಿನ ಡಿ.ಸಿ. ಆಫ್‌ಸೆಟ್, ಒಂದು ಚರಿತ್ರೆ

ಸಂಗೀತ ಕೇಳಿಸುವ ಯಂತ್ರಗಳ ಇತಿಹಾಸವನ್ನು ಬರೆದವರು ಹೆಚ್ಚಾಗಿ ಕಿವಿಗೆ ಬೀಳುವ ಸಂಗತಿಗಳನ್ನೇ ಬರೆದಿದ್ದಾರೆ. ಗ್ರಾಮಫೋನಿನ ಕರಕರ ಸದ್ದು ಹೇಗೆ ತಗ್ಗಿತು, ಒಂದೇ ಕೊಳವೆಯಿಂದ ಹೊರಡುತ್ತಿದ್ದ ಧ್ವನಿ ಎಡ ಬಲಗಳಾಗಿ ಹೇಗೆ ಒಡೆಯಿತು, ತಂಬೂರಿಯ ಝೇಂಕಾರ ಮೊದಲ ಬಾರಿಗೆ ಮನೆಯ ಗೋಡೆಗಳ ನಡುವೆ ಹೇಗೆ ಮೂಡಿತು ಎಂಬಿವೇ ಆ ಕಥನದ ಘಟ್ಟಗಳು. ಈ ಲೇಖನದ ವಸ್ತುವಾದರೋ ಕಿವಿಗೆ ಕೇಳಿಸದ ಒಂದು ವಿದ್ಯುತ್ತು. ಹಾಡು ಇಲ್ಲದಾಗಲೂ ಅದು ಇರುತ್ತದೆ. ಹಾಡು ಇರುವಾಗ ಅದರ ಅಡಿಯಲ್ಲಿ ಅಡಗಿರುತ್ತದೆ. ಮಿತಿ ಮೀರಿದ ದಿನ ಸ್ಪೀಕರನ್ನು ಸುಟ್ಟು ತನ್ನ ಇರವನ್ನು ಸಾರುತ್ತದೆ. ಕುಶಲಕರ್ಮಿಗಳು ಅದನ್ನು ಡಿ.ಸಿ. ಆಫ್‌ಸೆಟ್ ಎನ್ನುತ್ತಾರೆ. ಹಳೆಯ ಆಂಪ್ಲಿಫೈಯರುಗಳನ್ನು ಬಿಚ್ಚಿ, ಬದಲಿಸಿ, ಹೆಚ್ಚು ಶುದ್ಧವಾದ ನಾದವನ್ನು ಅರಸುವ ಹವ್ಯಾಸಿಗಳ ಮುಂದೆ ಮತ್ತೆ ಮತ್ತೆ ಬಂದು ನಿಲ್ಲುವ ದೋಷ ಇದು. ಇದಕ್ಕೂ ಒಂದು ಚರಿತ್ರೆಯಿದೆ. ಆ ಚರಿತ್ರೆ ತಿಳಿದವನಿಗೆ ರಿಪೇರಿ ಸುಲಭ.

ಮೊದಲು ವಿಷಯವನ್ನು ಸರಳವಾಗಿ ಹೇಳಿಕೊಳ್ಳೋಣ. ಹಾಡನ್ನು ಹೊತ್ತು ಬರುವ ವಿದ್ಯುತ್ತು ತೊಟ್ಟಿಲಿನಂತೆ ತೂಗುತ್ತದೆ: ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ. ಸ್ಪೀಕರಿನ ಹಾಳೆಯೂ ಅದರೊಡನೆ ತೂಗಿ ಗಾಳಿಯನ್ನು ಅಲುಗಿಸುತ್ತದೆ. ತೂಗುವುದನ್ನು ನಿಲ್ಲಿಸಿದರೆ ತೊಟ್ಟಿಲು ನಡುವೆ ಬಂದು ನಿಲ್ಲಬೇಕು. ಆ ನಡುವೆಯೇ ಸೊನ್ನೆ ವೋಲ್ಟು. ಯಾವುದೋ ಕಾರಣದಿಂದ ತೊಟ್ಟಿಲು ಒಂದು ಮಗ್ಗುಲಿಗೆ ಎಳೆದು ಕಟ್ಟಿದಂತೆ ನಿಂತರೆ, ಹಾಡಿಲ್ಲದಿದ್ದರೂ ಸ್ಪೀಕರಿನ ಸುರುಳಿಯಲ್ಲಿ ಒಂದೇ ದಿಕ್ಕಿನ ವಿದ್ಯುತ್ತು ಹರಿಯುತ್ತಿರುತ್ತದೆ. 8 ಓಮ್ ಎಂದು ಬರೆದಿರುವ ಸ್ಪೀಕರಿನ ಸುರುಳಿಯ ನೇರ ರೋಧ ಸಾಮಾನ್ಯವಾಗಿ 6 ಓಮಿನ ಆಸುಪಾಸಿನಲ್ಲಿರುತ್ತದೆ. ಅದರ ಮೇಲೆ 50 ಮಿಲಿವೋಲ್ಟ್ ನಿಂತರೆ ಹರಿಯುವುದು ಸುಮಾರು 8 ಮಿಲಿಆಂಪಿಯರ್. ಹುಟ್ಟುವ ಶಾಖ ಒಂದು ವ್ಯಾಟಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಅದರಿಂದ ತೊಂದರೆಯಿಲ್ಲ. ಒಂದು ವೋಲ್ಟ್ ನಿಂತರೆ ಹಾಳೆ ತನ್ನ ನೆಲೆಯಿಂದ ಸರಿಯುತ್ತದೆ, ಧ್ವನಿ ಒಂದು ಕಡೆಗೆ ವಾಲುತ್ತದೆ. ಒಳಗಿನ 35 ವೋಲ್ಟುಗಳ ಪೂರೈಕೆಯೇ ನೇರವಾಗಿ ಹೊರಬಿದ್ದರೆ ಸುಮಾರು 6 ಆಂಪಿಯರ್ ಹರಿದು 200 ವ್ಯಾಟಿನಷ್ಟು ಶಾಖ ಕೂದಲೆಳೆಯಂಥ ತಂತಿಯಲ್ಲಿ ಹುಟ್ಟುತ್ತದೆ. ಅಲುಗದ ಸುರುಳಿಗೆ ತಂಪು ಗಾಳಿಯೂ ಇಲ್ಲ. ಕೆಲವೇ ಕ್ಷಣಗಳಲ್ಲಿ ಹೊಗೆ ಕಾಣಿಸಿಕೊಳ್ಳುತ್ತದೆ.

ವಾಲ್ವುಗಳ ಯುಗದಲ್ಲಿ ಈ ಭಯ ಬೇರೆಯ ರೂಪದಲ್ಲಿತ್ತು. ಲೀ ಡಿ ಫಾರೆಸ್ಟ್ 1906ರಲ್ಲಿ ರೂಪಿಸಿದ ಆಡಿಯಾನ್ ವಾಲ್ವಿನಿಂದ ಬೆಳೆದ ಮೊದಲ ರೇಡಿಯೋಗಳಲ್ಲಿ ಹೆಡ್‌ಫೋನುಗಳನ್ನೂ ಕಹಳೆಗಳನ್ನೂ ವಾಲ್ವಿನ ಆನೋಡಿನ ದಾರಿಯಲ್ಲೇ ಜೋಡಿಸುತ್ತಿದ್ದುದುಂಟು. ಹಾಡಿನ ಜೊತೆಗೆ ನೇರ ವಿದ್ಯುತ್ತೂ ಅವುಗಳ ಮೂಲಕವೇ ಹರಿಯುತ್ತಿತ್ತು. ಅವುಗಳ ತಂತಿಗಳಿಗೆ ಧನ ಋಣ ಗುರುತುಗಳನ್ನು ಹಾಕುತ್ತಿದ್ದ ಕಾರಣ ಅದೇ: ತಿರುಗಿಸಿ ಜೋಡಿಸಿದರೆ ಒಳಗಿನ ಅಯಸ್ಕಾಂತದ ಶಕ್ತಿ ಕುಂದುತ್ತಿತ್ತು. 1925ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಅಲುಗುವ ಸುರುಳಿಯ ಸ್ಪೀಕರನ್ನು ಲೋಕದ ಮುಂದಿಟ್ಟರು. ಇಂದಿನ ಸ್ಪೀಕರುಗಳೆಲ್ಲ ಬಹುಮಟ್ಟಿಗೆ ಅದರ ಸಂತತಿ. ಈ ಸುರುಳಿಯ ರೋಧ ಕೆಲವೇ ಓಮುಗಳು. ವಾಲ್ವಿಗೆ ಬೇಕಾದ ರೋಧ ಸಾವಿರಾರು ಓಮುಗಳು. ಇವೆರಡರ ನಡುವೆ ಸಂಧಾನಕ್ಕೆ ಒಂದು ಟ್ರಾನ್ಸ್‌ಫಾರ್ಮರ್ ಬೇಕೇ ಬೇಕಾಯಿತು. ಟ್ರಾನ್ಸ್‌ಫಾರ್ಮರಿನ ಸ್ವಭಾವವೇನೆಂದರೆ, ಅದು ಬದಲಾಗುವ ವಿದ್ಯುತ್ತನ್ನು ಮಾತ್ರ ದಾಟಿಸುತ್ತದೆ. ಒಂದು ಪಕ್ಕದಲ್ಲಿ 300 ಅಥವಾ 400 ವೋಲ್ಟ್ ನಿಂತಿದ್ದರೂ ಮತ್ತೊಂದು ಪಕ್ಕದ ಸ್ಪೀಕರಿಗೆ ಅದರ ಸುಳಿವು ಸಿಗುವುದಿಲ್ಲ. ಸಂಧಾನಕ್ಕೆಂದು ಬಂದವನು ಕಾವಲುಗಾರನೂ ಆದ.

1947ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಇಂಗ್ಲೆಂಡಿನ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ಪ್ರಕಟಿಸಿದ ಆಂಪ್ಲಿಫೈಯರ್ ಈ ಪರಂಪರೆಯ ಶಿಖರ. 15 ವ್ಯಾಟಿನ ಆ ಯಂತ್ರವನ್ನು ಹಲವು ದೇಶಗಳ ಹವ್ಯಾಸಿಗಳು ತಮ್ಮ ಕೈಯಾರೆ ಕಟ್ಟಿಕೊಂಡರು. ಅದರ ಗುಣವೆಲ್ಲ ಉತ್ತಮ ಟ್ರಾನ್ಸ್‌ಫಾರ್ಮರಿನ ಮೇಲೆ ನಿಂತಿತ್ತು. ಅದರ ತೂಕ, ಬೆಲೆಗಳೂ ಅಲ್ಲಿಯೇ ಇದ್ದವು. ಆ ಕಾಲದ ರಿಪೇರಿಯವನು ಆನೋಡಿನ ಹೆಚ್ಚು ವೋಲ್ಟೇಜಿಗೆ ತನ್ನ ಬೆರಳು ತಾಗದಂತೆ ಎಚ್ಚರ ವಹಿಸಬೇಕಿತ್ತು; ಸ್ಪೀಕರಿನ ತುದಿಯಲ್ಲಿ ನೇರ ವೋಲ್ಟೇಜ್ ಅಳೆಯುವ ಅಗತ್ಯ ಅವನಿಗೆ ಬೀಳುತ್ತಿರಲಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಕಡಿಮೆ ವೋಲ್ಟೇಜ್, ಹೆಚ್ಚು ಕರೆಂಟ್ ಅದರ ಧರ್ಮ. ಸ್ಪೀಕರಿನ ಧರ್ಮವೂ ಅದೇ. ಹೀಗಾಗಿ ನಡುವಿನ ಸಂಧಾನಕಾರನ ಅಗತ್ಯವೇ ತಪ್ಪಿತು. 1956ರಲ್ಲಿ ಆರ್‌.ಸಿ.ಎ. ಸಂಸ್ಥೆಯಲ್ಲಿದ್ದ ಎಚ್‌.ಸಿ. ಲಿನ್ ಟ್ರಾನ್ಸ್‌ಫಾರ್ಮರಿಲ್ಲದ ಮಂಡಲವೊಂದನ್ನು ಪ್ರಕಟಿಸಿದರು. ಮುಂದಿನ ದಶಕಗಳ ಆಂಪ್ಲಿಫೈಯರುಗಳ ಬೆನ್ನೆಲುಬು ಅದೇ ಎನ್ನಬಹುದು. ಆದರೆ ಸಂಧಾನಕಾರ ಹೋದಾಗ ಕಾವಲುಗಾರನೂ ಹೋದನಲ್ಲ! ಒಂದೇ ಪೂರೈಕೆಯ ಮೇಲೆ ನಡೆಯುವ ಮಂಡಲದಲ್ಲಿ ಹೊರದಾರಿಯ ವಿಶ್ರಾಂತಿಯ ನೆಲೆ ಪೂರೈಕೆಯ ಅರ್ಧದಲ್ಲಿರುತ್ತದೆ. ಪೂರೈಕೆ 40 ವೋಲ್ಟಾದರೆ ಅಲ್ಲಿ ಸದಾ 20 ವೋಲ್ಟ್. ಅದನ್ನು ತಡೆಯಲು ಸ್ಪೀಕರಿನ ದಾರಿಯಲ್ಲಿ ಒಂದು ದೊಡ್ಡ ಕೆಪಾಸಿಟರನ್ನು ಕೂರಿಸಿದರು. ನಮ್ಮ ರಿಪೇರಿ ಅಂಗಡಿಗಳ ಭಾಷೆಯಲ್ಲಿ ಇದು ಕಂಡೆನ್ಸರ್. ನೇರ ವಿದ್ಯುತ್ತನ್ನು ತಡೆದು, ತೂಗುವ ವಿದ್ಯುತ್ತನ್ನು ಮಾತ್ರ ದಾಟಿಸುವುದು ಇದರ ಕೆಲಸ. 8 ಓಮ್ ಸ್ಪೀಕರಿನೊಡನೆ 2000 ಮೈಕ್ರೋಫ್ಯಾರಡ್ ಇಟ್ಟರೆ ಸುಮಾರು 10 ಹರ್ಟ್ಜ್‌ವರೆಗಿನ ಮಂದ್ರವೂ ದಾಟುತ್ತದೆ. ಆದರೂ ಶುದ್ಧತಾವಾದಿಗಳಿಗೆ ಇದು ಹಿಡಿಸಲಿಲ್ಲ. ಸ್ವಿಚ್ ಹಾಕಿದಾಗ ಅದು ತುಂಬಿಕೊಳ್ಳುವ ‘ಧಪ್’ ಸದ್ದು, ಮಂದ್ರದಲ್ಲಿ ಅದು ತರುವ ಸಣ್ಣ ವಿಕೃತಿ, ವರ್ಷಗಳು ಕಳೆದಂತೆ ಒಣಗಿ ಕುಂದುವ ಗುಣ, ಇವೆಲ್ಲ ಆಕ್ಷೇಪಗಳಾದವು.

ಕೆಪಾಸಿಟರನ್ನು ಕೈಬಿಡಲು ಬೇಕಾದ ಉಪಾಯ ಬಹಳ ಮೊದಲೇ ಸಿದ್ಧವಾಗಿತ್ತು. ಸ್ಟೀರಿಯೋ ಧ್ವನಿಮುದ್ರಣಕ್ಕೆ ತಳಹದಿ ಹಾಕಿದ ಇ.ಎಂ.ಐ.ನ ಎಂಜಿನಿಯರ್ ಆಲನ್ ಬ್ಲಮ್‌ಲೈನ್ 1936ರಲ್ಲಿ, ಎರಡು ವಾಲ್ವುಗಳು ಒಂದೇ ಬಾಲವನ್ನು ಹಂಚಿಕೊಳ್ಳುವ ಜೋಡಿಯೊಂದಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದ್ದರು. 1942ರಲ್ಲಿ ರೇಡಾರ್ ಪರೀಕ್ಷೆಯ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ಆ ಜೋಡಿ ಟ್ರಾನ್ಸಿಸ್ಟರುಗಳ ಯುಗದಲ್ಲಿ ಹೊಸ ಬಾಳು ಕಂಡಿತು. ಅದು ತಕ್ಕಡಿಯಂತೆ ಕೆಲಸ ಮಾಡುತ್ತದೆ: ಒಂದು ತಟ್ಟೆಯಲ್ಲಿ ಒಳಬರುವ ಧ್ವನಿ, ಇನ್ನೊಂದರಲ್ಲಿ ಹೊರಹೋಗುವ ಧ್ವನಿಯ ಒಂದಂಶ. ವ್ಯತ್ಯಾಸ ಕಂಡರೆ ಮುಳ್ಳು ವಾಲುತ್ತದೆ, ಮಂಡಲ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಸೊನ್ನೆಯ ಮೇಲೊಂದು, ಕೆಳಗೊಂದು ಎಂದು ಎರಡು ಪೂರೈಕೆಗಳನ್ನು ಕೊಟ್ಟು, ಈ ತಕ್ಕಡಿಯನ್ನು ಬಾಗಿಲಲ್ಲಿ ಕೂರಿಸಿದರೆ ಹೊರದಾರಿ ತಾನಾಗಿ ಸೊನ್ನೆಯ ಬಳಿ ನಿಲ್ಲುತ್ತದೆ. ಕೆಪಾಸಿಟರ್ ಬೇಡವಾಯಿತು. 1970ರ ದಶಕದಲ್ಲಿ ಜಪಾನಿನ ಕಂಪನಿಗಳ ಜಾಹೀರಾತುಗಳಲ್ಲಿ ಓ.ಸಿ.ಎಲ್. ಎಂಬ ಮೂರಕ್ಷರ ಹೆಮ್ಮೆಯ ಬಿರುದಿನಂತೆ ಕಾಣಿಸಿಕೊಂಡಿತು. ಹೊರದಾರಿಯಲ್ಲಿ ಕೆಪಾಸಿಟರ್ ಇಲ್ಲ ಎಂಬುದು ಅದರ ಅರ್ಥ.

ನಮ್ಮ ಕಥಾವಸ್ತು ಹುಟ್ಟಿದ್ದು ಆಗ. ‘ಸೊನ್ನೆಯ ಬಳಿ’ ಮತ್ತು ‘ಸೊನ್ನೆ’ ಒಂದೇ ಅಲ್ಲ. ಎಷ್ಟೇ ಹೊಂದಿಸಿದರೂ ಎರಡು ಟ್ರಾನ್ಸಿಸ್ಟರುಗಳು ಅವಳಿ ಮಕ್ಕಳಂತೆಯೇ. ಹೋಲುತ್ತವೆ, ಒಂದೇ ಆಗಿರುವುದಿಲ್ಲ. ತಕ್ಕಡಿಯ ತಟ್ಟೆಗಳಲ್ಲಿರುವ ಆ ಅಲ್ಪ ಭೇದ ಹೊರದಾರಿಯಲ್ಲಿ ಕೆಲವು ಮಿಲಿವೋಲ್ಟುಗಳಾಗಿ ಕಾಣುತ್ತದೆ. ಯಾವುದಾದರೂ ಒಂದು ಟ್ರಾನ್ಸಿಸ್ಟರ್ ಸತ್ತರಂತೂ ಪೂರೈಕೆಯ ಪೂರ್ಣ ವೋಲ್ಟೇಜು ಸ್ಪೀಕರಿನ ಮೇಲೆ ಎರಗುತ್ತದೆ. ಆದ್ದರಿಂದ ಹೊಸ ಕಾವಲುಗಾರರನ್ನು ನೇಮಿಸಬೇಕಾಯಿತು. ಸ್ವಿಚ್ ಹಾಕಿ ಕೆಲವು ಕ್ಷಣಗಳಾದ ಮೇಲೆ ‘ಟಕ್’ ಎಂದು ಸ್ಪೀಕರನ್ನು ಜೋಡಿಸುವ ರಿಲೇ ಅಂಥವನು. ನೇರ ವೋಲ್ಟೇಜ್ ಕಂಡೊಡನೆ ಸ್ಪೀಕರನ್ನು ಕತ್ತರಿಸುವುದು ಅವನ ಕರ್ತವ್ಯ. ಇದಕ್ಕೆಂದೇ ತೋಷಿಬಾದ ಟಿಎ7317, ಎನ್‌.ಇ.ಸಿ.ಯ ಯುಪಿಸಿ1237 ಮುಂತಾದ ಪುಟ್ಟ ಐ.ಸಿ.ಗಳು ಬಂದವು. ಮುಂದೆ, ಹೊರದಾರಿಯನ್ನು ನಿಧಾನವಾಗಿ ಗಮನಿಸುತ್ತ ಅದನ್ನು ಸೊನ್ನೆಗೆ ಎಳೆದು ತರುವ ಸರ್ವೋ ಮಂಡಲಗಳೂ ಬಳಕೆಗೆ ಬಂದವು. ಒಂದು ಕೆಪಾಸಿಟರನ್ನು ಕಿತ್ತದ್ದಕ್ಕೆ ಎಂಜಿನಿಯರುಗಳು ತೆತ್ತ ಬೆಲೆ ಇಷ್ಟು.

ಈ ಚರಿತ್ರೆಯಲ್ಲಿ ನಮ್ಮ ನಾಡಿಗೂ ಒಂದು ಪುಟವಿದೆ. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವುಗಳನ್ನೂ 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತು. ಅಂದರೆ ಟ್ರಾನ್ಸ್‌ಫಾರ್ಮರಿನ ಯುಗವೂ ಕೆಪಾಸಿಟರಿನ ಯುಗವೂ ಜಾಲಹಳ್ಳಿಯಲ್ಲಿ ಒಂದರ ಬೆನ್ನಿಗೆ ಒಂದು ಬಂದವು. ಆಮದು ಸಾಮಗ್ರಿ ದುಬಾರಿಯಾಗಿದ್ದ ಆ ದಶಕಗಳಲ್ಲಿ ಬೆಂಗಳೂರಿನ ಎಸ್‌.ಪಿ. ರಸ್ತೆ, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ಲಾಜಪತ ರಾಯ್ ಮಾರ್ಕೆಟ್, ಪುಣೆಯ ತಾಪಕೀರ್ ಗಲ್ಲಿ, ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಗಳಲ್ಲಿ ಬಿಡಿಭಾಗ ಕೊಂಡು ‘ಅಸೆಂಬಲ್’ ಮಾಡಿದ ಆಂಪ್ಲಿಫೈಯರುಗಳೇ ಎಷ್ಟೋ ಮಧ್ಯಮವರ್ಗದ ಮನೆಗಳ ಸಂಗೀತಶಾಲೆಗಳಾಗಿದ್ದವು. ಹೊರನಾಡಿನ ಕನ್ನಡಿಗರ ಮನೆಗಳಲ್ಲಿ ಭಾವಗೀತೆಯ ಕ್ಯಾಸೆಟ್ಟುಗಳು ಮೊಳಗಿದ್ದೂ ಹೆಚ್ಚಾಗಿ ಇಂಥ ಪೆಟ್ಟಿಗೆಗಳಿಂದಲೇ. ಕನ್ನಡ ಸಂಘದ ಸಭಾಂಗಣಗಳ ಕಥೆ ಬೇರೆ. ಅಲ್ಲಿ ಅನೇಕ ಸ್ಪೀಕರುಗಳಿಗೆ ದೂರದವರೆಗೆ ಧ್ವನಿ ಸಾಗಿಸುವ 100 ವೋಲ್ಟ್ ಲೈನಿನ ಆಂಪ್ಲಿಫೈಯರುಗಳಲ್ಲಿ ಇಂದಿಗೂ ಟ್ರಾನ್ಸ್‌ಫಾರ್ಮರಿನ ಬಳಕೆಯಿದೆ. ಹಳೆಯ ಕಾವಲುಗಾರ ಅಲ್ಲಿ ನಿವೃತ್ತನಾಗಿಲ್ಲ.

ಮಾರ್ಪಾಡು ಮಾಡಿದ ಆಂಪ್ಲಿಫೈಯರಿನಲ್ಲಿ ಈ ದೋಷ ಹೇಗೆ ತಲೆಯೆತ್ತುತ್ತದೆ ಎಂಬುದಕ್ಕೆ ಜಾನ್ ಲಿನ್ಸ್ಲೆ ಹುಡ್ ಅವರ ಮಂಡಲಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. 1969ರ ಏಪ್ರಿಲಿನಲ್ಲಿ ವೈರ್‌ಲೆಸ್ ವರ್ಲ್ಡ್‌ನಲ್ಲಿ ಅವರು 10 ವ್ಯಾಟಿನ ಕ್ಲಾಸ್-ಎ ಆಂಪ್ಲಿಫೈಯರನ್ನು ಪ್ರಕಟಿಸಿದರು. ಒಂದು ಚಾನೆಲಿಗೆ ನಾಲ್ಕೇ ಟ್ರಾನ್ಸಿಸ್ಟರುಗಳು. ವಿಲಿಯಮ್ಸನ್ನರ ವಾಲ್ವ್ ಯಂತ್ರದ ಮಾಧುರ್ಯವನ್ನು ಸುಲಭ ಬೆಲೆಯಲ್ಲಿ ತರುವುದು ಅದರ ಗುರಿ. ಅರ್ಧ ಶತಮಾನ ಕಳೆದರೂ ಅದರ ಕಿಟ್ಟುಗಳು ಮಾರಾಟವಾಗುತ್ತಿವೆ, ಅದನ್ನು ಕಟ್ಟುವವರು ಕಡಿಮೆಯಾಗಿಲ್ಲ. ಮೂಲ ಮಂಡಲದಲ್ಲಿ 8 ಓಮ್ ಸ್ಪೀಕರಿಗೆ 27 ವೋಲ್ಟಿನ ಒಂದೇ ಪೂರೈಕೆ. ಹೊರದಾರಿಯ ನಡುನೆಲೆ ಅದರ ಅರ್ಧದ ಬಳಿ. ಸ್ಪೀಕರಿನ ಮುಂದೆ ಕೆಪಾಸಿಟರ್. ಬಾಗಿಲಲ್ಲಿ ಬ್ಲಮ್‌ಲೈನ್ ಅವರ ತಕ್ಕಡಿಯಿಲ್ಲ, ಒಂಟಿ ಟ್ರಾನ್ಸಿಸ್ಟರ್ ಇದೆ. ಯಂತ್ರ ಬಿಸಿಯಾದಂತೆ ಅದರ ಬೇಸ್ ಮತ್ತು ಎಮಿಟರ್‌ಗಳ ನಡುವಿನ ವೋಲ್ಟೇಜ್ ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟಿನಂತೆ ಇಳಿಯುತ್ತದೆ. ಹೊರದಾರಿಯ ನಡುನೆಲೆಯೂ ಅದರೊಡನೆ ಸರಿಯುತ್ತದೆ. ಮೂಲದಲ್ಲಿ ಇದರಿಂದ ಏನೂ ಕೆಡುತ್ತಿರಲಿಲ್ಲ. 13.5 ವೋಲ್ಟ್ ಇರಬೇಕಾದದ್ದು 13.4 ಆದರೆ ಕೆಪಾಸಿಟರ್ ಅದನ್ನು ನುಂಗಿಕೊಳ್ಳುತ್ತಿತ್ತು.

ಮುಂದೆ ಹವ್ಯಾಸಿಗಳು ಅದೇ ಮಂಡಲಕ್ಕೆ ಎರಡು ಪೂರೈಕೆಗಳನ್ನು ಕೊಟ್ಟು, ಕೆಪಾಸಿಟರನ್ನು ತೆಗೆದು, ಸ್ಪೀಕರನ್ನು ನೇರವಾಗಿ ಜೋಡಿಸತೊಡಗಿದರು. 1996ರಲ್ಲಿ ಲಿನ್ಸ್ಲೆ ಹುಡ್ ಅವರೇ ತಮ್ಮ ವಿನ್ಯಾಸವನ್ನು ಪರಿಷ್ಕರಿಸಿದಾಗ ಈ ದಾರಿಯನ್ನೂ ತೋರಿಸಿದರು. ಈಗ 13.5ರ ಜಾಗದಲ್ಲಿ ಸೊನ್ನೆ ಕುಳಿತಿದೆ. ಹಿಂದೆ ಕೆಪಾಸಿಟರ್ ನುಂಗುತ್ತಿದ್ದ ಆ 100 ಮಿಲಿವೋಲ್ಟ್ ಈಗ ನೇರವಾಗಿ ಸ್ಪೀಕರಿನ ಮೇಲೆ ನಿಲ್ಲುತ್ತದೆ. ಮಂಡಲದ ಸ್ವಭಾವ ಒಂದಿಷ್ಟೂ ಬದಲಾಗಿಲ್ಲ. ಅಂದು ಯಾರೂ ಅಳೆಯದಿದ್ದ ಗುಣವೇ ಇಂದು ದೋಷವೆನಿಸಿತು. ತಣ್ಣಗಿದ್ದಾಗ ಪ್ರಿಸೆಟ್ ತಿರುಗಿಸಿ ಸೊನ್ನೆಗೆ ತಂದವನು ಅರ್ಧ ಗಂಟೆಯ ಬಳಿಕ ಅಳೆದರೆ ಬೇರೆಯೇ ಅಂಕಿ ಕಾಣುತ್ತಾನೆ. ಆದಕಾರಣ ಈ ಯಂತ್ರವನ್ನು ಪೂರ್ಣ ಬಿಸಿಯಾದ ಮೇಲೆಯೇ ಹೊಂದಿಸಬೇಕು. ಬಾಗಿಲ ಟ್ರಾನ್ಸಿಸ್ಟರನ್ನು ಶಾಖಫಲಕದಿಂದ ದೂರವಿಡಬೇಕು. ಪ್ರಿಸೆಟ್ಟಿಗೆ ಕೊಡುವ ವೋಲ್ಟೇಜನ್ನು ಸ್ಥಿರಗೊಳಿಸಬೇಕು.

ಇತರ ಮಾರ್ಪಾಡುಗಳ ಕಥೆಯೂ ಇದೇ ಜಾತಿಯದು. ತಕ್ಕಡಿಯ ಜೋಡಿಯಿರುವ ಸಾಮಾನ್ಯ ಆಂಪ್ಲಿಫೈಯರಿನಲ್ಲಿ ಫೀಡ್‌ಬ್ಯಾಕಿನ ಕೆಳತೋಳಿನಲ್ಲಿ ಒಂದು ಪುಟ್ಟ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇರುತ್ತದೆ. ಹಾಡನ್ನು 20 ಅಥವಾ 25 ಪಟ್ಟು ಹಿಗ್ಗಿಸುವ ಯಂತ್ರ ನೇರ ವೋಲ್ಟೇಜನ್ನು ಮಾತ್ರ ಇದ್ದಷ್ಟೇ ಉಳಿಸುವುದು ಅದರ ದೆಸೆಯಿಂದ. ‘ಧ್ವನಿಯ ದಾರಿಯಲ್ಲಿ ಕೆಪಾಸಿಟರ್ ಬೇಡ’ ಎಂದು ಅದರ ಜಾಗಕ್ಕೆ ತಂತಿ ಹಾಕಿದರೆ, ಜೋಡಿಯ 4 ಮಿಲಿವೋಲ್ಟಿನ ಭೇದ ಹೊರದಾರಿಯಲ್ಲಿ 100 ಆಗುತ್ತದೆ. ಇನ್ನೊಂದು ಉದಾಹರಣೆ: ಬಾಗಿಲ ರೆಸಿಸ್ಟರ್ ಮತ್ತು ಫೀಡ್‌ಬ್ಯಾಕ್ ರೆಸಿಸ್ಟರ್ ಎರಡೂ 47 ಕಿಲೋಓಮ್ ಇದ್ದದ್ದು ಕಾಕತಾಳೀಯವಲ್ಲ. ಪ್ರತಿ ಟ್ರಾನ್ಸಿಸ್ಟರಿನ ಬೇಸಿಗೆ 5 ಮೈಕ್ರೋಆಂಪಿಯರ್ ಬೇಕೆಂದಿಟ್ಟುಕೊಂಡರೆ ಎರಡೂ ಕಡೆ 235 ಮಿಲಿವೋಲ್ಟ್ ಬಿದ್ದು ಒಂದನ್ನೊಂದು ಹೊಡೆದುಹಾಕುತ್ತವೆ. ಗದ್ದಲ ತಗ್ಗಿಸಲೆಂದು ಬಾಗಿಲ ರೆಸಿಸ್ಟರನ್ನು ಮಾತ್ರ 10 ಕಿಲೋಓಮಿಗೆ ಇಳಿಸಿದವನು 185 ಮಿಲಿವೋಲ್ಟಿನ ಆಫ್‌ಸೆಟ್ಟನ್ನು ತಾನೇ ಕರೆತಂದಂತೆ. ರಿಲೇಯ ತುದಿಗಳು ನಾದವನ್ನು ಮಂಕಾಗಿಸುತ್ತವೆಂದು ಅದನ್ನೇ ಕಿತ್ತೆಸೆದವರೂ ಉಂಟು. ಅವರ ಸ್ಪೀಕರ್ ಉಳಿದಿರುವುದು ಟ್ರಾನ್ಸಿಸ್ಟರುಗಳ ಕೃಪೆಯಿಂದ ಮಾತ್ರ. ಮಾರುಕಟ್ಟೆಯಲ್ಲಿ ನಕಲಿ ಪವರ್ ಟ್ರಾನ್ಸಿಸ್ಟರುಗಳ ಹಾವಳಿಯೂ ಇರುವಾಗ ಆ ಕೃಪೆಯನ್ನು ನೆಚ್ಚುವಂತಿಲ್ಲ.

ಹಾಗಾದರೆ ದೋಷವನ್ನು ಹುಡುಕುವ ಕ್ರಮವೇನು? ಮೊದಲು ಸ್ಪೀಕರನ್ನು ಕಳಚಬೇಕು. ನಮ್ಮ ಊರುಗಳ ಎಲೆಕ್ಟ್ರಿಶಿಯನ್ನರು ಬಳಸುವ ಸೀರೀಸ್ ಬಲ್ಬಿನ ಮೂಲಕ ಯಂತ್ರಕ್ಕೆ ವಿದ್ಯುತ್ ಕೊಡಬೇಕು. 60 ಅಥವಾ 100 ವ್ಯಾಟಿನ ಹಳೆಯ ತಂತಿ ಬಲ್ಬು ಇದಕ್ಕೆ ತಕ್ಕದ್ದು. ಒಮ್ಮೆ ಬೆಳಗಿ ಮಂಕಾದರೆ ಸಮಾಧಾನ, ಬೆಳಗುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಒಳದಾರಿಯನ್ನು ಶಾರ್ಟ್ ಮಾಡಿ, ಹೊರದಾರಿಯ ನೇರ ವೋಲ್ಟೇಜನ್ನು ಮಲ್ಟಿಮೀಟರಿನಿಂದ ಅಳೆಯಬೇಕು. ಪೂರೈಕೆಯ ವೋಲ್ಟೇಜೇ ಕಂಡರೆ ಎರಡು ಪೂರೈಕೆಗಳಲ್ಲಿ ಒಂದರ ಫ್ಯೂಸ್ ಹೋಗಿರಬಹುದು, ಇಲ್ಲವೇ ಯಾವುದೋ ಟ್ರಾನ್ಸಿಸ್ಟರ್ ಸತ್ತಿದೆ. ನೂರಿನ್ನೂರು ಮಿಲಿವೋಲ್ಟ್ ಕಂಡರೆ ತಕ್ಕಡಿಯ ಕಡೆಗೆ ನೋಡಬೇಕು: ಜೋಡಿ ಹೊಂದಿದೆಯೇ, ರೆಸಿಸ್ಟರುಗಳು ಸಮವಾಗಿವೆಯೇ, ಫೀಡ್‌ಬ್ಯಾಕಿನ ಹಳೆಯ ಕೆಪಾಸಿಟರ್ ಸೋರುತ್ತಿದೆಯೇ? ಒಳದಾರಿಯ ಶಾರ್ಟ್ ತೆಗೆದು ಪ್ರಿಆಂಪ್ ಜೋಡಿಸಿದೊಡನೆ ಅಂಕಿ ಏರಿದರೆ ದೋಷ ಹಿಂದಿನ ಪೆಟ್ಟಿಗೆಯದು ಅಥವಾ ನಡುವಿನ ಕೆಪಾಸಿಟರಿನದು. ಬಿಸಿಯಾದಂತೆ ಅಂಕಿ ತೇಲಿದರೆ ಶಾಖವನ್ನು ಶಂಕಿಸಬೇಕು. ಜೋಡಿಯ ಎರಡು ಟ್ರಾನ್ಸಿಸ್ಟರುಗಳನ್ನು ಒಂದಕ್ಕೊಂದು ಅಂಟಿಸಿದರೆ ಎರಡೂ ಒಂದೇ ತಾಪದಲ್ಲಿದ್ದು ತೇಲಾಟ ತಗ್ಗುತ್ತದೆ. ಕೊನೆಗೆ 50 ಮಿಲಿವೋಲ್ಟಿನೊಳಗೆ ಬಂದು, ಒಂದು ಗಂಟೆ ಅಲ್ಲಿಯೇ ನಿಂತರೆ ಸ್ಪೀಕರನ್ನು ಧೈರ್ಯವಾಗಿ ಜೋಡಿಸಬಹುದು.

ಈ ಕ್ರಮವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಮಂಡಲದ ಪ್ರತಿಯೊಂದು ಭಾಗ ಯಾವಾಗ, ಯಾವ ಭಯಕ್ಕೆ ಉತ್ತರವಾಗಿ ಬಂದಿತೆಂದು ತಿಳಿದಿದ್ದರೆ ಪ್ರಶ್ನೆಗಳು ತಾವಾಗಿಯೇ ಸಾಲುಗಟ್ಟುತ್ತವೆ. ಆ ತಿಳಿವಳಿಕೆ ಮಾತ್ರ ಈಗ ಅಪರೂಪವಾಗುತ್ತಿದೆ. ಕೆಟ್ಟ ಬೋರ್ಡನ್ನು ಹಾಗೆಯೇ ಬದಲಿಸುವ ಕಾಲದಲ್ಲಿ, ಒಂದೊಂದು ಬಿಡಿಭಾಗದ ಕಾರಣವನ್ನು ಬಲ್ಲ ಮುದುಕ ಮೆಕ್ಯಾನಿಕ್ಕುಗಳ ಅಂಗಡಿಗಳು ಆ ಹಳೆಯ ರಸ್ತೆಗಳಲ್ಲಿ ಒಂದೊಂದಾಗಿ ಮೊಬೈಲ್ ಕವರಿನ ಅಂಗಡಿಗಳಾಗುತ್ತಿವೆ. ಇತ್ತ, ತಂದೆಯ ಕಾಲದ ಆಂಪ್ಲಿಫೈಯರನ್ನು ಉಳಿಸಿಕೊಳ್ಳಬಯಸುವ ಹೊಸ ತಲೆಮಾರು ಬೆಸುಗೆಯ ಕಡ್ಡಿ ಹಿಡಿದು ಕುಳಿತಿದೆ. ಅವರಿಗೆ ಹೇಳಬೇಕಾದ ಮಾತು ಒಂದೇ. ಹಿಂದಿನವರು ಇಟ್ಟ ಯಾವ ಭಾಗವನ್ನು ಬೇಕಾದರೂ ತೆಗೆಯಬಹುದು. ಸ್ವತಃ ಚರಿತ್ರೆಯೇ ಟ್ರಾನ್ಸ್‌ಫಾರ್ಮರನ್ನು ತೆಗೆದಿದೆ, ಕೆಪಾಸಿಟರನ್ನು ತೆಗೆದಿದೆ. ಆದರೆ ಅದು ಪ್ರತಿ ಸಲವೂ, ಹೋದ ಕಾವಲುಗಾರನ ಕೆಲಸವನ್ನು ಇನ್ನೊಬ್ಬನಿಗೆ ವಹಿಸಿಯೇ ಮುಂದೆ ಸಾಗಿದೆ. ಕೆಪಾಸಿಟರನ್ನು ಕೀಳುವ ಮೊದಲು ಆ ಇನ್ನೊಬ್ಬ ಯಾರೆಂದು ಗೊತ್ತುಮಾಡಿಕೊಳ್ಳುವುದು, ಕಿತ್ತ ಮೇಲೆ ಮೀಟರಿನ ಮುಳ್ಳನ್ನು ಒಂದು ಗಂಟೆಯಾದರೂ ಕಾಯುವುದು, ಇಷ್ಟಾದರೆ ಸಾಕು.